ಬಸ್ಸಾರಿನ ಉಪ್ಪು

ಎರಡು ವರ್ಷ ಎಡೆಯನ್ನು ಕಾಗೆ ಮುಟ್ಟಲಿಲ್ಲ. ತೀರಿಕೊಂಡ ಗಂಡ ನರಸಪ್ಪನಿಗೆಂದು ಮಹಾಲಯ ಅಮಾವಾಸ್ಯೆಯ ದಿನ ವೆಂಕಟಮ್ಮ ಮುದ್ದೆ, ಬಸ್ಸಾರು ಮಾಡಿ ತಾರಸಿಯ ಮೇಲಿಟ್ಟು ಕಾದದ್ದೇ ಬಂತು. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಚಂದಾಪುರವೆಲ್ಲ ಉಂಡು ಕೈ ತೊಳೆದರೂ ಇವರ ಮನೆಯಲ್ಲಿ ಸಂಜೆಯವರೆಗೆ ಎಲೆ ಹಾಕಲಿಲ್ಲ. "ಏನೋ ಆಸೆ ಉಳಿಸ್ಕೊಂಡು ಓಗವ್ನೆ ಕಣಮ್ಮ" ಎಂದು ನೆಂಟರು ಹಸಿದ ಹೊಟ್ಟೆಯಲ್ಲೇ ಗೊಣಗಿದರು.

ಆಸೆಯಂತೆ! ವೆಂಕಟಮ್ಮನಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ನಸುಕಿನಲ್ಲೆದ್ದು ಮುದ್ದೆ ತೊಳಸಿ ಡಬ್ಬಿ ಕಟ್ಟಿದವಳು ಅವಳು. ಅವನು ದುಡಿಯುತ್ತಿದ್ದ ಕಾರ್ಖಾನೆಯಿಂದ ಡಬ್ಬಿ ಯಾವತ್ತೂ ಖಾಲಿಯಾಗಿಯೇ ಬಂದಿತ್ತು. ನರಸಪ್ಪ ಹೊಗಳಿದವನಲ್ಲ. ಕೊನೆಯ ಆರು ವರ್ಷವಂತೂ "ಬಸ್ಸಾರಿಗೆ ಉಪ್ಪು ಕಮ್ಮಿ", "ಉಪ್ಸಾರಿಗೆ ಖಾರ ಜಾಸ್ತಿ" ಎಂದು ತಪ್ಪು ಹುಡುಕುತ್ತಿದ್ದ. ಅವಳು ಅವನ ನಾಲಿಗೆಗೆ ತಕ್ಕಂತೆ ತಿದ್ದುತ್ತ ಬಂದಳು. ಮಗಳು ಭಾಗ್ಯಶ್ರೀ ಒಮ್ಮೆ ಪಿಜ್ಜಾ ತರಿಸಿದ್ದಕ್ಕೆ "ಮೈದಾ ಇಟ್ಟು ತಿಂದು ಸಾಯ್ತೀಯಾ?" ಎಂದು ಡಬ್ಬವನ್ನೇ ಬೀದಿಗೆ ಎಸೆದಿದ್ದ ಮಹಾರಾಯ.

ಈ ಸಲ ಅಮಾವಾಸ್ಯೆಗೆ ಎರಡು ದಿನವಿರುವಾಗ, ಅವನ ಜೊತೆ ಕೆಲಸ ಮಾಡುತ್ತಿದ್ದ ಸಿದ್ದರಾಜು ಸಂತೆಯಲ್ಲಿ ಸಿಕ್ಕ. ಕಾಗೆಯ ವಿಷಯ ಕೇಳಿ ತಲೆ ಕೆರೆದುಕೊಂಡ.

"ಅಕ್ಕ, ಬೈಬೇಡಿ. ನರಸಪ್ಪಣ್ಣ ದಿನಾ ಮಧ್ಯಾಹ್ನ ಫ್ಯಾಕ್ಟ್ರಿ ಗೇಟ್ ಮುಂದಿನ ಪಿಜ್ಜಾ ಅಂಗ್ಡೀಲೇ ತಿಂತಿದ್ರು."

ಮರುದಿನ ಊಟದ ಹೊತ್ತಿಗೆ ವೆಂಕಟಮ್ಮ ಬಸ್ಸು ಹತ್ತಿದಳು. ಅಂಗಡಿಯೆಂದರೆ ಒಂದು ಕೌಂಟರು, ಹಿಂದೊಂದು ಓವನ್ನು, ಮುಂದೆ ನಿಂತುಕೊಂಡೇ ತಿನ್ನುವ ಕಾರ್ಮಿಕರು. ಒಡತಿ ಶೋಭಾರಾಣಿಗೆ ನಲವತ್ತಿರಬಹುದು. ವೆಂಕಟಮ್ಮ ಗಂಡನ ಫೋಟೊ ಮುಂದೆ ಹಿಡಿದಳು.

"ಇವ್ರು ಏನು ತಿಂತಿದ್ರೋ ಅದ್ನೇ ಕೊಡಮ್ಮ."

ದಪ್ಪಮೆಣಸಿನಕಾಯಿಯ ಸ್ಯಾಂಡ್‌ವಿಚ್ಚು, ಅಂಗೈಯಗಲದ ಪಿಜ್ಜಾ ಬಂದವು. ಪಿಜ್ಜಾ ಕಚ್ಚಿದಳು. ಹಲ್ಲಿಗೆ ಅಂಟಿತೇ ಹೊರತು ಗಂಟಲಿಗೆ ಇಳಿಯಲಿಲ್ಲ.

"ಅಂಗಾದ್ರೆ ನಾನ್ ಕಟ್ಟಿದ್ ಡಬ್ಬಿ?"

ಶೋಭಾರಾಣಿಯ ಮುಖ ಅರಳಿತು. "ಅಯ್ಯೋ, ನೀವೇನಾ ಅಕ್ಕ? ಆರು ವರ್ಷ ನಾನೇ ಉಂಡಿದ್ದು! ದಿನಾ ಈ ಚೀಸ್ ವಾಸ್ನೆ ಕುಡ್ದು ನಂಗಿದು ಸೇರಲ್ಲ. ಅವ್ರಿಗೆ ಮುದ್ದೆ ಸೇರ್ತಿರ್ಲಿಲ್ಲ. ಬದಲಾಯಿಸ್ಕೊಳ್ತಿದ್ವಿ. ನಿಮ್ಗೂ ಗೊತ್ತು ಅಂದಿದ್ರು. ಬಸ್ಸಾರಿಗೆ ಉಪ್ಪು ಕಮ್ಮಿ ಅಂತ ಒಂದ್ಸಲ ಹೇಳ್ದೆ ನೋಡಿ, ಮುಂದಿನ್ ಸಲಾನೇ ಸರಿ ಮಾಡಿ ಕಳಿಸಿದ್ರಿ. ಎಂಥಾ ಕೈ ಅಕ್ಕ ನಿಮ್ದು!"

ವೆಂಕಟಮ್ಮನ ಕೆನ್ನೆಗೆ ಬಾರಿಸಿದಂತಾಯಿತು. ಈ ಹೆಂಗಸಿನ ಮೇಲೆ ಸಿಟ್ಟಾಗೋಣವೆಂದರೆ ಅವಳಲ್ಲಿ ಕಪಟವಿರಲಿಲ್ಲ. ಬಾಯ್ತುಂಬ ಹೊಗಳಿದವಳೂ ಲೋಕದಲ್ಲಿ ಇವಳೊಬ್ಬಳೇ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಗಂಡನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ವೆಂಕಟಮ್ಮ ಬಸ್ಸು ಹತ್ತಿದಳು.

ಅಮಾವಾಸ್ಯೆಯ ದಿನ ಮಗಳನ್ನು ಕಳಿಸಿ ಅದೇ ಅಂಗಡಿಯಿಂದ ಪಿಜ್ಜಾ ತರಿಸಿದಳು. ಎಲೆಯಲ್ಲಿ ಮುದ್ದೆ, ಬಸ್ಸಾರಿನ ಪಕ್ಕಕ್ಕೆ ಅದನ್ನೂ ಇಟ್ಟಳು. ತಾರಸಿಯ ಮೆಟ್ಟಿಲಿಳಿಯುವ ಮೊದಲೇ ಕಾಗೆ ಬಂತು. ಪಿಜ್ಜಾದ ಚೂರನ್ನು ಕಚ್ಚಿಕೊಂಡು ಹಾರಿತು. ಮುದ್ದೆಯ ಕಡೆ ತಿರುಗಿಯೂ ನೋಡಲಿಲ್ಲ.

"ಅಮ್ಮ, ಅಪ್ಪಂಗೆ ತೃಪ್ತಿಯಾಯ್ತು!" ಭಾಗ್ಯಶ್ರೀ ಕಣ್ಣೊರೆಸಿಕೊಂಡಳು.

"ಆಗ್ದೆ ಏನು" ಎಂದಳು ವೆಂಕಟಮ್ಮ.

ಎರಡು ವರ್ಷದ ಮೇಲೆ ಮನೆಯವರೆಲ್ಲ ಹೊತ್ತಿಗೆ ಸರಿಯಾಗಿ ಉಂಡರು. ಎಲ್ಲರೂ ಎದ್ದ ಮೇಲೆ ಅವಳು ಬಸ್ಸಾರಿನ ಪಾತ್ರೆಯ ಮುಂದೆ ಕೂತಳು. ಇವತ್ತಾದರೂ ತನ್ನ ನಾಲಿಗೆಗೆ ಸರಿಮಾಡಿಕೊಂಡು ಉಣ್ಣಬೇಕೆಂದು ಅಂಗೈಗೆ ಒಂದಿಷ್ಟು ಹಾಕಿಕೊಂಡು ನೆಕ್ಕಿದಳು. ಚಿಟಿಕೆ ಉಪ್ಪು ಉದುರಿಸಿ ಮತ್ತೆ ನೆಕ್ಕಿದಳು. ಜಾಸ್ತಿಯಾಯಿತೋ ಕಮ್ಮಿಯಾಯಿತೋ ತಿಳಿಯಲಿಲ್ಲ. ತನಗೆಷ್ಟು ಬೇಕೆಂದು ಅವಳು ಯಾವತ್ತೂ ಯೋಚಿಸಿದವಳಲ್ಲ. ಸರಿಯಿದೆ ಎಂದು ಹೇಳಬಲ್ಲ ಒಬ್ಬಳೇ ಒಬ್ಬಳು ಆ ಹೊತ್ತಿಗೆ ಕಾರ್ಖಾನೆಯ ಗೇಟಿನ ಮುಂದೆ ಪಿಜ್ಜಾ ಬೇಯಿಸುತ್ತಿದ್ದಳು.