ಬುಗುರಿ ಮಾಪಕದ ಮೇಲೆ ಟೋಪಿ

ಅಲಾಸ್ಕಾದ ಹಳ್ಳಿಗಳಿಗೆ ಟಪಾಲು, ಹಾಲಿನ ಪುಡಿ, ಬಾಣಂತಿ, ದೋಣಿ ಎಂಜಿನ್ನಿನ ಬಿಡಿಭಾಗ, ಎಲ್ಲವನ್ನೂ ಒಂದೇ ಪುಟ್ಟ ವಿಮಾನಕ್ಕೆ ತುಂಬಿಕೊಂಡು ಹಾರುತ್ತಿದ್ದವಳು ಮಾರ್ಲಿಸ್. ಹೊರಡುವ ಮುಂಚೆ ಎದುರಿನ ಮಾಪಕದ ಗಾಜನ್ನು ಬೆರಳ ಗೆಣ್ಣಿನಿಂದ ತಟ್ಟಿ, “ಎದ್ದಿದ್ಯಾ ಮುದುಕ?” ಎಂದು ಕೇಳಲೇಬೇಕು. ಮೋಡದೊಳಗೆ ವಿಮಾನ ನೆಟ್ಟಗಿದೆಯೋ ವಾಲಿದೆಯೋ ಎಂದು ಹೇಳುತ್ತಿದ್ದದ್ದು ಅದರೊಳಗೆ ಪಂಪಿನ ಗಾಳಿಯ ಬಲದಿಂದ ತಿರುಗುವ ಬುಗುರಿ.

ಮೆಕ್ಯಾನಿಕ್ ಆರ್ವಿಡ್ ಅದನ್ನು ಕಿತ್ತು, ವಿಮಾನದ ವಾಲಾಟವನ್ನೂ ಮುಂದಿನ ಬೆಟ್ಟಗಳನ್ನೂ ಚಿತ್ರವಾಗಿ ತೋರಿಸುವ ಹೊಸ ಪರದೆ ಕೂರಿಸಲು ಬಂದಾಗ ಅವಳು ಅಡ್ಡ ನಿಂತಳು.

“ಟಿ.ವಿ. ನೋಡ್ಕೊಂಡು ಹಾರೋಕೆ ನಂಗೇನು ತಲೆ ಕೆಟ್ಟಿದ್ಯಾ?”

“ಪಂಪು ನಿಂತ್ರೆ ನಿನ್ನ ಮುದುಕ ಸುಳ್ಳು ಹೇಳ್ತಾನೆ ಕಣೆ. ಅದೂ ನಿಧಾನಕ್ಕೆ, ನಯವಾಗಿ.”

“ನಿನಗಿಂತ ಕಮ್ಮಿನೇ ಹೇಳ್ತಾನೆ ಬಿಡು.”

ಕೊನೆಗೆ ಮುದುಕ ಎದುರಿಗೇ ಉಳಿದ, ಪರದೆ ಪಕ್ಕಕ್ಕೆ ಬಂತು.

ಆ ಶರತ್ಕಾಲದಲ್ಲಿ ಹಲ್ಲು ಕಟ್ಟಿಸಿಕೊಂಡು ಊರಿಗೆ ಮರಳುತ್ತಿದ್ದ ಯೂಪಿಕ್ ಬುಡಕಟ್ಟಿನ ಅಜ್ಜಿ ನಸ್ತಾಸ್ಯ ಅವಳ ಪಕ್ಕದ ಸೀಟಿನಲ್ಲಿದ್ದಳು. ಕಣಿವೆಯ ಮೇಲೆ ಮೋಡ ಏಕಾಏಕಿ ಮುಚ್ಚಿಕೊಂಡಿತು. ವಿಮಾನ ಬಲಕ್ಕೆ ವಾಲಿದೆ ಎಂದ ಮುದುಕ. ಮಾರ್ಲಿಸಳ ಕೈ ತಾನಾಗಿಯೇ ಎಡಕ್ಕೆ ತಿರುಗಿಸಿತು. ಮುದುಕ ಇನ್ನೂ ಬಲಕ್ಕೇ ವಾಲಿದ, ಅವಳು ಇನ್ನಷ್ಟು ಎಡಕ್ಕೆ ತಿರುಗಿಸಿದಳು. ನೆಟ್ಟಗಿದ್ದೇವೆ ಎಂದು ಮೈಯೂ ಹೇಳುತ್ತಿತ್ತು.

ಪಕ್ಕದ ಪರದೆಯಲ್ಲಿ ಮಾತ್ರ ವಿಮಾನ ಪೂರಾ ಎಡಕ್ಕೆ ಮಗುಚಿತ್ತು. ಅದರೊಳಗೇ ಎದುರಿಗೆ ಕಂದು ಬಣ್ಣದ ಬೆಟ್ಟವೊಂದು ಬೆಳೆಯುತ್ತಿತ್ತು. ಅವಳು ತಲೆಯೆತ್ತಿ ದಿಕ್ಸೂಚಿ ನೋಡಿದಳು. ಅದೂ ಗಿರ್ರನೆ ತಿರುಗುತ್ತಿತ್ತು. ಅಂದರೆ ವಿಮಾನ ಸುತ್ತುತ್ತಿದೆ, ಸುಳ್ಳು ಹೇಳುತ್ತಿರುವುದು ಮುದುಕನೇ.

ಪರದೆ ಹೇಳಿದಂತೆ ರೆಕ್ಕೆ ಸಮ ಮಾಡಿ ಬೆಟ್ಟದಿಂದ ಬಲಕ್ಕೆ ಹೊರಳಿಸಿದಳು. ಆದರೂ ಕಣ್ಣು ಮತ್ತೆ ಮತ್ತೆ ಹಳೆಯ ಗಾಜಿಗೇ ಹೋಗುತ್ತಿತ್ತು, ಕಣ್ಣಿನ ಹಿಂದೆ ಕೈಯೂ. ತಲೆಯ ಉಣ್ಣೆಟೋಪಿ ಕಿತ್ತು ಅದರ ಮೇಲೆ ಸಿಕ್ಕಿಸಿಬಿಟ್ಟಳು.

“ಅದಕ್ಯಾಕವ್ವಾ ಟೋಪಿ?” ಎಂದಳು ಅಜ್ಜಿ.

“ಸತ್ತೋಗಿದೆ ಅಜ್ಜಿ. ಮುಖ ಮುಚ್ಚಿದೆ.”

ಅಜ್ಜಿ ಶಿಲುಬೆ ಗುರುತು ಮಾಡಿಕೊಂಡಳು.

ಮೋಡ ಹರಿಯಿತು. ಎಡಗಡೆಯ ಕಿಟಕಿಯ ತುಂಬ ಬೆಟ್ಟ ನಿಂತಿತ್ತು: ಅದೇ ಸೀಳು, ಅದೇ ಕೋಡು, ಪರದೆಯಲ್ಲಿ ಇದ್ದ ಹಾಗೆಯೇ. ಕಾಣದ ಬೆಟ್ಟವನ್ನು ಕಂಡ ಆ ಅಂಗೈಯಗಲದ ಬೆಳಕನ್ನು ಮಾರ್ಲಿಸ್ ಬಾಯಿ ತೆರೆದು ನೋಡಿದಳು. ಇಷ್ಟು ವರ್ಷ ತಾನು ಕುರುಡಿಯಾಗಿಯೇ ಹಾರಿದ್ದೆನಲ್ಲ ಎಂದುಕೊಂಡಳು.

ಮರಳಿದ ಮೇಲೆ ಆರ್ವಿಡ್ ಟೋಪಿ ನೋಡಿದ. ಸ್ಕ್ರೂಡ್ರೈವರ್ ತಂದ.

“ಅವನನ್ನ ತೆಗಿ. ಪರದೆ ಇಲ್ಲಿ, ಎದುರಿಗೆ ಕೂರಿಸು,” ಎಂದಳು.

“ಟೋಪಿ?”

“ಅವನ ಜೊತೆಗೇ ಇರಲಿ.”