ಬೀರಪ್ಪನ ಬಾಯಲ್ಲಿ ಒಂದು ಒಳ್ಳೆಯ ಮಾತು

ನಂಗವಳ್ಳಿ ಕಡೆಯ ಕುರಿಗಾರರಿಗೆ ಮಕ್ಕಳ ಓದು ಬೇಕಿಲ್ಲ ಎಂಬುದು ಧರ್ಮಪುರಿಯಿಂದ ಸೇಲಂವರೆಗೆ ನಾನು ಕೇಳಿದ ಎಲ್ಲರ ತೀರ್ಪು. ಬಸ್ಸಿನಲ್ಲಿ ಪಕ್ಕ ಕೂತವರು ಹೇಳಿದರು, ಟೀ ಅಂಗಡಿಯವನು ಹೇಳಿದ, ಶಾಲೆಯವರೂ ಹೇಳಿದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಸವೆಸಿದವಳಿಗೆ ಇಷ್ಟೊಂದು ಒಮ್ಮತ ಕಂಡರೆ ಅನುಮಾನ. ಎಲ್ಲರೂ ಒಪ್ಪಿದ್ದಾರೆ ಎಂದರೆ ಯಾರೂ ಸಾಕ್ಷಿ ಕೇಳಿಲ್ಲ ಎಂದೇ ಅರ್ಥ. ನಾನು ಕೇಳಿದೆ. ಸಾಕ್ಷಿ ಇತ್ತು.

ಗುರುವಾರ ಬೆಳಿಗ್ಗೆ ಬೆಂಗಳೂರು ಬಿಟ್ಟ ಬಸ್ಸು ಧರ್ಮಪುರಿ ದಾಟಿ, ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಿ, ಮಧ್ಯಾಹ್ನಕ್ಕೆ ಸೇಲಂ ಮುಟ್ಟಿತು. ಏಪ್ರಿಲ್ ಬಿಸಿಲು. ನಿಲ್ದಾಣದ ಎದುರು ಮೊಸರನ್ನ ತಿಂದು ತಾರಮಂಗಲದ ಮೇಲೆ ನಂಗವಳ್ಳಿಗೆ ಹೋಗುವ ಟೌನ್ ಬಸ್ಸು ಹತ್ತಿದೆ. ಅದರಲ್ಲಿ ಹೆಂಗಸರಿಗೆ ಕಾಸಿಲ್ಲ. ಆದರೂ ಕಂಡಕ್ಟರ್ ಒಂದು ಚೀಟಿ ಹರಿದು ಗಂಭೀರವಾಗಿ ಕೈಗಿಟ್ಟ.

ನನ್ನನ್ನು ಕರೆಸಿದ್ದು ಕಲೈವಾಣಿ, ನನ್ನ ಹಾಸ್ಟೆಲ್ ಗೆಳತಿಯ ಅಕ್ಕ. ನಂಗವಳ್ಳಿ ಪಕ್ಕದ ಹಳ್ಳಿಯೊಂದರ ಶಾಲೆಗೆ ಅವರು ಮುಖ್ಯೋಪಾಧ್ಯಾಯಿನಿ. ಶಾಲೆ ಎಂಟನೇ ತರಗತಿಗೆ ಮುಗಿಯುತ್ತದೆ. ಮುಂದಿನ ಹೈಸ್ಕೂಲು ದೂರ. ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದ ಹುಡುಗಿಯರು ಓದುತ್ತಾರೆ, ಸಿಗದವರು ಕುರಿಯ ಹಿಂದೆ ಹೋಗುತ್ತಾರೆ. ಈ ವರ್ಷ ಉಳಿದಿದ್ದದ್ದು ಒಂದೇ ಜಾಗ. ಕಲೈವಾಣಿ ಅದನ್ನು ಎಂಟನೇ ತರಗತಿ ಮುಗಿಸುತ್ತಿದ್ದ ಮಾದೇವಿ ಎಂಬ ಕುರಿಗಾರರ ಹುಡುಗಿಗೆ ಕೊಡಿಸಬೇಕೆಂದಿದ್ದರು. ಶನಿವಾರ ಹಾಸ್ಟೆಲಿನ ವಾರ್ಡನ್ ಶಾಲೆಗೆ ಬರುತ್ತಾರೆ, ತಂದೆ ಎದುರಿಗೆ ನಿಂತು ಒಪ್ಪಬೇಕು. ಇಲ್ಲಿನ ಕುರಿಗಾರರ ಮನೆಮಾತು ಕನ್ನಡ; ಅವನನ್ನು ಹುಡುಕಿ, ಮಾತಾಡಿ ಕರೆತರುವ ಕೆಲಸ ನನ್ನದು.

"ತಂದೆಯ ಫೋನು ದಿನವಿಡೀ ಸ್ವಿಚ್ ಆಫ್," ಎಂದರು ಕಲೈವಾಣಿ ತಮಿಳಿನಲ್ಲಿ. "ಬಂದರೂ ಏನು ಹೇಳುತ್ತಾನೋ ಅಂತಲೇ ನನಗೆ ಭಯ."

ಹಿಂದಿನ ಪೋಷಕರ ಸಭೆಯ ಕಥೆ ಆಗ ಹೊರಬಿತ್ತು. ಪೋಷಕರನ್ನು ಹತ್ತಿರ ತರಲು ಏನು ಮಾಡಬೇಕೆಂದು ತರಬೇತಿಯೊಂದರಲ್ಲಿ ಅವರಿಗೆ ಹೇಳಿಕೊಟ್ಟಿದ್ದರು: ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲಿ. ಕೆಲವರು ನಾಚಿದರು, ಕೆಲವರು ಹೇಳಿದರು. ಮಾದೇವಿಯ ಅಪ್ಪ ಬೀರಪ್ಪ ಎದ್ದು, "ಇದು ಉದವಾದು, ಟೀಚರ್. ಮಂಡೆ ಒಳಗೆ ಬರೀ ಹೊಟ್ಟು," ಎಂದನಂತೆ. ಯಾವುದಕ್ಕೂ ಉಪಯೋಗವಿಲ್ಲ ಅಂತ, ಇಡೀ ತರಗತಿಯ ಎದುರು. ಮಕ್ಕಳು ನಕ್ಕರು. ವಾರ್ಡನ್ ಅವತ್ತು ಹಿಂದಿನ ಸಾಲಿನಲ್ಲೇ ಇದ್ದರು. ಅಪ್ಪನಿಗೇ ಬೇಡದ ಮಗುವಿಗೆ ಜಾಗ ಕೊಟ್ಟರೆ ನಡುವರ್ಷದಲ್ಲಿ ಕರೆದುಕೊಂಡು ಹೋಗುತ್ತಾನೆ ಎಂಬುದು ಅವರ ವಾದ.

ಕೆಟ್ಟ ವಾದವಲ್ಲ. ಅದೇ ನನಗೆ ಕಷ್ಟವಾದದ್ದು.

ಮಾದೇವಿ ಅಂಗಳದ ಬೇವಿನ ಮರದಡಿ ಸೈಕಲ್ ಚೈನು ಹಾಕುತ್ತಿದ್ದಳು. "ಅಪ್ಪನ್ನ ಕರ್ಕೊಂಡು ಬರ್ತೀನಿ," ಎಂದೆ. ತಲೆ ಎತ್ತಲಿಲ್ಲ. "ಬರ್ದೇ ಇದ್ರೇ ವಾಸಿ ಅಕ್ಕಾ. ಐಕ್ಳೆಲ್ಲಾ ಇನ್ನೂ ನನ್ನ ಒಟ್ಟು ಅಂತಾನೇ ಕೂಗ್ತಾವೆ." ಈ ಕಡೆಯವರ ಬಾಯಲ್ಲಿ 'ಹ' ಇಲ್ಲ; ಹೊಟ್ಟು ಒಟ್ಟಾಗಿತ್ತು.

ಶುಕ್ರವಾರ ಮಾದೇವಿಯ ಅಜ್ಜಿ ಕೆಂಚಮ್ಮ ನನ್ನ ಜೊತೆ ಹೊರಟಿತು. ಮಗ, ಸೊಸೆ ಮಂದೆ ಹೊಡೆದುಕೊಂಡು ಹರೂರು ಕಡೆ ಇದ್ದಾರೆ; ಇವತ್ತು ಯಾರ ಹೊಲದಲ್ಲಿ ಕುರಿ ನಿಲ್ಲಿಸಿದ್ದಾರೋ ಅಲ್ಲಿ ಹೋಗಿಯೇ ಕೇಳಬೇಕು. ಸೇಲಂನಲ್ಲಿ ಬಸ್ಸು ಬದಲಾಯಿಸಿದೆವು. ಈ ಬಸ್ಸಿಗೆ ಕಾಸುಂಟು ಎಂದು ಗೊತ್ತಾದಾಗ ಅಜ್ಜಿ ಕಂಡಕ್ಟರನನ್ನು ಮೇಲಿಂದ ಕೆಳಗೆ ನೋಡಿತು. "ಯಾಕ್ಲಾ, ಇದ್ಕೇನು ಒನ್ನಿನ ಚಕ್ರ ಆಕವ್ರಾ?"

ಮಂಜವಾಡಿ ಘಾಟಿ ಹತ್ತುವಾಗ ಮೆಲ್ಲಗೆ ಕೆದಕಿದೆ. "ಮಾದೇವಿ ಚೆನ್ನಾಗಿ ಓದ್ತಾಳಂತಲ್ಲ ಅಜ್ಜಿ?"

"ಯಾರು? ಆ ಮೂದೇವಿನಾ?" ಅಜ್ಜಿ ಬಾಗಿಲ ತನಕ ಹೋಗಿ ಎಲೆಯಡಿಕೆ ಉಗಿದು ಬಂತು. "ಓದಾ? ಪಡಿಪ್ಪು ಅವಳ ತಲೆಗೆ ಅತ್ತೋದಾ? ಒಂದು ಕಾಸಿಗೆ ಬಾಳದು, ಬಿಡು ಅಮ್ಮಣ್ಣಿ."

ಕಿಟಕಿಯ ಕಡೆ ತಿರುಗಿದೆ. ಮನೆಯವರೆಲ್ಲರದೂ ಒಂದೇ ಮಾತು. ನನ್ನ ವಾದಕ್ಕೆ ಕಾಲೇ ಇಲ್ಲ ಅನಿಸಿತು. ಎಲ್ಲರೂ ಹೇಳಿದ್ದೇ ನಿಜವಾದರೆ, ನಾಳೆ ಈ ಮನುಷ್ಯನನ್ನು ಕರೆತಂದು ನಾನೇ ಆ ಹುಡುಗಿಯ ಜಾಗ ಕಳೆದಂತಾಗುತ್ತದೆ.

ಹರೂರಿನಲ್ಲಿಳಿದು ಪರೋಟ ತಿಂದೆವು. ಅಜ್ಜಿ ಎರಡು ಟೀ ಅಂಗಡಿಗಳಲ್ಲಿ ವಿಚಾರಿಸಿ, ಒಂದು ಶೇರ್ ಆಟೋ ಹತ್ತಿಸಿ, ಆಮೇಲೆ ಬಿಸಿಲಲ್ಲಿ ನಡೆಸಿತು. ಕಡಲೆಕಾಯಿ ಕಿತ್ತ ಹೊಲವೊಂದರಲ್ಲಿ ಮಂದೆ ಕಂಡಿತು. ಇಲ್ಲಿನ ರೈತರು ಗೊಬ್ಬರಕ್ಕಾಗಿ ರಾತ್ರಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಬೀರಪ್ಪ ಬಲೆಯ ರೊಪ್ಪ ಕಟ್ಟಲು ಗೂಟ ಬಡಿಯುತ್ತಿದ್ದ. ಅವನ ಹೆಂಡತಿ ಲಕ್ಕಮ್ಮ ಆಗಷ್ಟೇ ಹುಟ್ಟಿದ ಮರಿಯೊಂದನ್ನು ಒರೆಸುತ್ತಿದ್ದಳು. ಕಂದು ಮೈ, ಗಟ್ಟಿ ಕಾಲು; ಹುಟ್ಟಿದ ಗಳಿಗೆಯಲ್ಲೇ ಎದ್ದು ನಿಲ್ಲಲು ನೋಡುತ್ತಿತ್ತು.

"ಎಷ್ಟು ಚೆನ್ನಾಗಿದೆ!" ಎಂದುಬಿಟ್ಟೆ.

ಲಕ್ಕಮ್ಮ ಥಟ್ಟನೆ ಮರಿಯ ಮೇಲೆ ಸೆರಗು ಮುಚ್ಚಿದಳು. ಬೀರಪ್ಪ ಗೂಟ ಬಿಟ್ಟು ಬಂದ. "ಚೆಂದ ಎಲ್ಲೈತೆ? ಸಾಯೋ ಮುಂಡೇದು. ನಾಳೆವರ್ಗೂ ಇದ್ರೆ ನೋಡಾನ," ಎನ್ನುತ್ತಲೇ ಒಲೆಯಿಂದ ಆರಿದ ಇದ್ದಿಲ ಚೂರು ತೆಗೆದು ಮರಿಯ ಹಣೆಗೆ ಒತ್ತಿದ. ಅಜ್ಜಿಯೂ ಸೇರಿಕೊಂಡಿತು. "ಒಂದು ಕಾಸಿಗೆ ಬಾಳದು."

ಬಸ್ಸಿನಲ್ಲಿ ಕೇಳಿದ ಅದೇ ಮಾತು, ಅದೇ ದನಿ. ನಾನು ಅಲ್ಲೇ ಹೊಲದ ಬದುವಿನ ಮೇಲೆ ಕೂತೆ.

ಮಿಕ್ಕದ್ದು ಹೊತ್ತಿಳಿಯುವಾಗ ತಿಳಿಯಿತು. ಕುರಿಗಳೆಲ್ಲ ಒಳಗಾದ ಮೇಲೆ ಬೀರಪ್ಪ ಸೊಂಟದಿಂದ ಫೋನು ತೆಗೆದು ಆನ್ ಮಾಡಿದ. ಹೊಲದಲ್ಲಿ ಕರೆಂಟಿಲ್ಲ, ಈ ಒಂದು ಕರೆಗಾಗಿ ಹಗಲೆಲ್ಲ ಆರಿಸಿಟ್ಟಿರುತ್ತಾನೆ. ಊರಿನ ಮನೆಯ ನಂಬರು ಒತ್ತಿ, "ಓದು," ಎಂದಷ್ಟೇ ಹೇಳಿ ಸ್ಪೀಕರ್ ಹಾಕಿ ಗೂಟಕ್ಕೆ ನೇತುಹಾಕಿದ. ಮಾದೇವಿಯ ದನಿ ಬಂತು. ಎಲೆಗಳು ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಪಾಠ, ತಮಿಳಿನಲ್ಲಿ. ಕುರಿಗಳ ಗೊಣಗಾಟದ ಮೇಲೆ ಆ ದನಿ ತಡವರಿಸದೆ ಸಾಗಿತು. ಬೀರಪ್ಪ ಹಗ್ಗ ಹೊಸೆಯುತ್ತಾ ಕೇಳಿದ. ಅವನಿಗೆ ಓದು ಬಾರದು. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗೆಲ್ಲ ಅವನ ಕೈಯೂ ನಿಲ್ಲುತ್ತಿತ್ತು. ಪಾಠ ಮುಗಿಯಿತು. "ತೂ, ಕತ್ತೆ. ಉಂಡು ಮನಗು," ಎಂದು ಫೋನು ಆರಿಸಿದ.

ಈಗ ನನ್ನ ಬಳಿ ವಾದವಿತ್ತು. "ಬೀರಪ್ಪ, ನಾಳೆ ವಾರ್ಡನ್ ಕೇಳ್ತಾರೆ. ಚೆನ್ನಾಗಿ ಓದ್ತಾಳೆ ಅಂತ ಒಂದೇ ಒಂದು ಮಾತು ಹೇಳಿ."

"ಬತ್ತೀನಿ. ನಿಂತ್ಕತೀನಿ. ಎಬ್ಬೆಟ್ಟು ಒತ್ತು ಅಂದ್ರೆ ಒತ್ತೀನಿ. ಅದು ಮಾತ್ರ ಏಳಕಾಗಲ್ಲ, ಕಣ್ಣಾಗ್ತದೆ."

"ಕಣ್ಣಾಗೋದಿದ್ರೆ ಪೇಟೆಯಲ್ಲಿ ಒಂದು ಮಗುವೂ ಉಳೀಬಾರದಿತ್ತು. ಅಲ್ಲಿನ ಅಪ್ಪಂದಿರು ದಿನಾ ಫೋನಲ್ಲಿ ಫೋಟೋ ಹಾಕಿ ಹೊಗಳ್ತಾರೆ. ಏನಾಗಿದೆ ಅವಕ್ಕೆ?"

ಬೀರಪ್ಪ ಮತ್ತೆ ಹಗ್ಗ ಎತ್ತಿಕೊಂಡ. ಗೆದ್ದೆ ಎಂದುಕೊಂಡೆ. ಆಗ ಲಕ್ಕಮ್ಮ ಒಲೆ ಊದುತ್ತಲೇ ಹೇಳಿದಳು, "ಇವಳಿಗಿಂತ ಮುಂಚೆ ಒಂದು ಗಂಡು ಕೂಸಿತ್ತು ಅಮ್ಮಣ್ಣಿ. ಸಂತೇಲಿ ಎಲ್ಲಾರ ಮುಂದೆ ಇವ್ನೇ ಎತ್ಕಂಡು ಮೆರೆಸ್ದ, ನೋಡ್ರೋ ನನ್ ಮಗನ್ನ ಅಂತ. ಮೂರ್ ದಿಸದ ಜ್ವರ. ಅಷ್ಟೇಯ." ಎದ್ದು ಸೊಪ್ಪು ತರಲು ಹೋದಳು.

ಜ್ವರಕ್ಕೂ ಹೊಗಳಿಕೆಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆ ಮಾತನ್ನು ಯಾರಿಗೆ ಹೇಳಲಿ? ಮುದ್ದೆ, ಹುರುಳಿ ಸಾರು ಬಡಿಸಿದರು. ಸಾರು ಚೆನ್ನಾಗಿತ್ತು. ಹಾಗೆಂದು ಹೇಳಲೂ ಧೈರ್ಯವಾಗಲಿಲ್ಲ.

ಶನಿವಾರ ಮೊದಲ ಬಸ್ಸಿಗೆ ಬೀರಪ್ಪನೂ ನಾನೂ ಹೊರಟೆವು. ಅವನ ಬದಲು ಕುರಿ ನೋಡಿಕೊಳ್ಳಲು ಅಜ್ಜಿ ಉಳಿಯಿತು. ಅವನು ತೊಳೆದ ಬಿಳಿ ಪಂಚೆ ಉಟ್ಟಿದ್ದ. ಘಾಟಿಯಲ್ಲಿ ಲಾರಿಯೊಂದು ಅಡ್ಡ ನಿಂತು ದಾರಿ ಕಟ್ಟಿತ್ತು. ವಾರ್ಡನ್ ಕಾಯುವುದಿಲ್ಲವೆಂದು ಕಲೈವಾಣಿ ಮೊದಲೇ ಹೇಳಿದ್ದರು. ನಾನು ಗಳಿಗೆಗೊಮ್ಮೆ ಗಡಿಯಾರ ನೋಡಿದೆ.

"ಏನಂತ ಕೇಳ್ತಾರೆ?" ಎಂದ ಬೀರಪ್ಪ. ಹೇಳಿದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಏನಂತ ಕೇಳ್ತಾರೆ?" ಎಂದ.

ಶಾಲೆ ಮುಟ್ಟಿದಾಗ ವಾರ್ಡನ್ ಇನ್ನೂ ಇದ್ದರು, ಚೀಲ ಹೆಗಲಿಗೇರಿಸಿದ್ದರು. ಗೇಟಿನ ಬಳಿಯೇ ಕಲೈವಾಣಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಇದ್ದಿಲು, ಗೂಟಕ್ಕೆ ನೇತಾಡುವ ಫೋನು, ಆ ಮೊದಲ ಮಗು. "ಹೊಗಳಿ ಅಂತ ಕೇಳಬೇಡಿ. ನಿನ್ನೆ ಸಂಜೆ ಏನು ಕೇಳಿಸಿಕೊಂಡೆ ಅಂತ ಕೇಳಿ. ಪೋಷಕರು ಶಾಲೆಗೆ ಬರಲ್ಲ ಅಂತೀರಿ, ಇವನು ದಿನಾ ಸಂಜೆ ನಿಮ್ಮ ತರಗತಿಯಲ್ಲೇ ಕೂತಿರ್ತಾನೆ."

ಕಲೈವಾಣಿಯ ಮುಖ ಕೆಂಪಾಯಿತು. "ಎಲ್ಲರ ಮುಂದೆ ನಿಲ್ಲಿಸಿದವಳು ನಾನೇ ಅಲ್ವಾ," ಎಂದರು. ಉಳಿದ ಪೋಷಕರನ್ನು ಪಕ್ಕದ ಕೋಣೆಗೆ ಕಳಿಸಿ, ಬೆಂಚು ಸರಿಸಿ, ಬಾಗಿಲು ಮುಂದೆ ಮಾಡಿದರು. ಒಳಗಿದ್ದದ್ದು ನಾವೇ ಐದು ಜನ. ವಾರ್ಡನ್‌ಗೆ ಮೆಲ್ಲಗೆ ವಿವರಿಸಿದರು. ಅವರು ತಾಳ್ಮೆಯಿಂದ ಕೇಳಿ, ತಲೆಯಾಡಿಸಿದರು. "ಇರಬಹುದು ಮೇಡಂ. ಹೋದ ವರ್ಷವೂ ಹೀಗೇ ಟೀಚರ್ ಮಾತು ನಂಬಿದೆ. ಪೊಂಗಲ್ ಆಗುವಷ್ಟರಲ್ಲಿ ಹುಡುಗಿಯನ್ನ ಕರ್ಕೊಂಡು ಹೋದರು. ಈ ಸಲ ನನಗೆ ಅಪ್ಪನ ಬಾಯಿಂದಲೇ ಬರಬೇಕು."

ಮಾದೇವಿ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಬೀರಪ್ಪ ಪಂಚೆಯ ಅಂಚಿನ ಗಂಟು ಬಿಚ್ಚಿದ. ಒಳಗೆ ಇದ್ದಿಲ ಚೂರಿತ್ತು. ಹರೂರಿನಿಂದ ಕಟ್ಟಿಕೊಂಡು ಬಂದಿದ್ದಾನೆ. ಅದನ್ನು ಹೆಬ್ಬೆರಳಿಗೆ ತಿಕ್ಕಿಕೊಂಡು ಮಗಳ ಹತ್ತಿರ ಹೋದ. ಅವಳು ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ತಾನೇ ಜಡೆ ಸರಿಸಿ ಕತ್ತು ಬಾಗಿಸಿದಳು. ಕಿವಿಯ ಹಿಂದೆ ಕಪ್ಪು ಬೊಟ್ಟು ಇಟ್ಟು, ಅಲ್ಲೇ ಅವಳ ಪಕ್ಕ ಅವನು ತಿರುಗಿ ನಿಂತ. ಇಂಥದ್ದನ್ನೆಲ್ಲ ನಂಬದ ನಾನು, ಬೊಟ್ಟು ಇನ್ನೂ ಸ್ವಲ್ಪ ದೊಡ್ಡದಿರಬೇಕಿತ್ತು ಎಂದುಕೊಂಡೆ.

ವಾರ್ಡನ್ ಚೀಲ ಕೆಳಗಿಟ್ಟರು.

"ಈಗ ಹೇಳಿ ಬೀರಪ್ಪ," ಎಂದರು, "ನಿಮ್ಮ ಮಗಳು ಹೇಗೆ ಓದ್ತಾಳೆ?"