ಮುಯ್ಯಿಗೆ ಬಂದ ಮರದ ಬಾತು

ನವರಾತ್ರಿಗೆ ಗೊಂಬೆಯ ಪೆಟ್ಟಿಗೆ ಬಿಚ್ಚುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಹೆಂಡತಿ ಮೈಸೂರಿನವಳು. ನಾನು ಇಟ್ಟದ್ದನ್ನೆಲ್ಲ ಎತ್ತಿ ಬೇರೆ ಕಡೆ ಇಡುವುದು ಅವಳ ಕೆಲಸ. ಈ ಸಲ ನುಸಿಗುಳಿಗೆಯ ವಾಸನೆಯ ಜೊತೆಗೇ, ಚೆಟ್ಟಿ ದಂಪತಿ ಗೊಂಬೆಗಳ ಕೆಳಗಿನಿಂದ ಮರದ ಬಾತು ಹೊರಬಂತು. ಮಗಳು ಅದನ್ನು ಮಗುಚಿ, ಹೊಟ್ಟೆಯ ಕೆಳಗಿನ ಕೊಂಡಿ ನೋಡಿ, "ಡ್ಯಾಡ್, ವಾಟ್ ಈಸ್ ದಿಸ್ ಫಾರ್?" ಎಂದಳು. "ದಾರ ಕಟ್ಟೋಕೆ" ಎಂದೆ. ಯಾಕೆ ದಾರ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನಿಗೆ ಮರಳಿದ್ದಳು. ನೀವಾದರೂ ಕೇಳಿಸಿಕೊಳ್ಳಿ.

ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಸ್ಯಾನ್ ರಮೋನಿನ ನಮ್ಮ ಆಫೀಸಿನಲ್ಲಿ ಶುಕ್ರವಾರ ಬಂತೆಂದರೆ ಯಾರದೋ ಮೇಜು ಖಾಲಿ. ನನ್ನ ಗ್ರೀನ್ ಕಾರ್ಡಿನ ಅರ್ಜಿ ಅರ್ಧ ದಾರಿಯಲ್ಲಿತ್ತು. ಕೆಲಸ ಹೋದರೆ ಅರ್ಜಿಯೂ ಹೋಗುತ್ತಿತ್ತು, ಅರ್ಜಿ ಹೋದರೆ ನಾವು ಗಂಟುಮೂಟೆ ಕಟ್ಟಬೇಕಿತ್ತು. ಎರಡೂ ಇದ್ದದ್ದು ಮ್ಯಾನೇಜರು ಗ್ಯಾರಿಯ ಕೈಯಲ್ಲಿ. ಗ್ಯಾರಿ ಕೆಮ್ಮಿದರೆ ನನ್ನ ಗಂಟಲು ಕೆರೆಯುತ್ತಿತ್ತು ಎಂದರೆ ನಿಮಗೆ ಅರ್ಥವಾದೀತು. ಸಾಲದ್ದಕ್ಕೆ ವಕೀಲರು ಬೇರೆ ಎಚ್ಚರಿಸಿದ್ದರು: ಅರ್ಜಿ ಮುಗಿಯುವವರೆಗೆ ಕಾರು ಜೋರಾಗಿ ಓಡಿಸಬೇಡ, ಯಾರ ಜೊತೆಗೂ ಜಗಳಕ್ಕೆ ಹೋಗಬೇಡ, ಬಂದೂಕಿನ ಹತ್ತಿರವಂತೂ ಸುಳಿಯಲೇಬೇಡ.

ಈ ಗ್ಯಾರಿ ಬಾತು ಬೇಟೆಗಾರರ ಕ್ಲಬ್ಬೊಂದರ ಕಾರ್ಯದರ್ಶಿ. ಜೌಗುನೆಲ ಕೊಂಡು ಹಕ್ಕಿಗಳಿಗೆ ಉಳಿಸಲು ಹಣ ಕೂಡಿಸುವುದಕ್ಕಾಗಿ ಅವರು ವರ್ಷಕ್ಕೊಮ್ಮೆ ಔತಣ ಏರ್ಪಡಿಸುತ್ತಿದ್ದರು. "ನಿಮ್ಮ ತಂದೆ ಬಂದಿದ್ದಾರಂತಲ್ಲ, ಅವರನ್ನೂ ಕರೆದುಕೊಂಡು ಬಾ" ಎಂದ. ಒಲ್ಲೆ ಎನ್ನುವ ಧೈರ್ಯ ಆ ತಿಂಗಳು ನಮ್ಮ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ.

ಅಪ್ಪ ಮದ್ದೂರಿನ ಕಡೆ ಕಬ್ಬು, ರೇಷ್ಮೆ ಮಾಡಿಕೊಂಡಿದ್ದವರು. ನಮ್ಮೂರಿನ ಹುಣಸೆಮರಗಳಿಗೆ ವರ್ಷವರ್ಷವೂ ಹೆಜ್ಜಾರ್ಲೆ ಹಕ್ಕಿಗಳು ಬಂದು ಗೂಡು ಕಟ್ಟುತ್ತವೆ. ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂಬುದು ಊರಿನ ಲೆಕ್ಕ. ಅಂಗಳವೆಲ್ಲ ಹಿಕ್ಕೆಯಾಗಿ ಮೀನು ನಾರಿದರೂ ಯಾರೂ ಕಲ್ಲೆತ್ತುವುದಿಲ್ಲ. ಮರಿ ಕೆಳಗೆ ಬಿದ್ದರೆ ನಮ್ಮಜ್ಜಿ ಮಂಕರಿ ಮುಚ್ಚಿ ಕಾಯುತ್ತಿದ್ದಳು. ಇಂಥವರಿಗೆ ಬೇಟೆ ಕ್ಲಬ್ಬಿನ ಊಟ ಎನ್ನುವುದು ಹೇಗೆ? "ಹಕ್ಕಿ ಉಳಿಸೋ ಸಂಘದೋರ ಊಟ ಅಪ್ಪ" ಎಂದೆ. ಸುಳ್ಳೇನಲ್ಲವಲ್ಲ.

"ಇಲ್ಲೂ ಅವ್ರೇನ್ಲಾ ಅಂಥ ಜನ!" ಎಂದು ಅಪ್ಪ ಖುಷಿಯಿಂದ ಬಿಳಿ ಪಂಚೆ ಉಟ್ಟರು.

ಔತಣದ ಹಾಲಿನ ಬಾಗಿಲಲ್ಲಿ ಮೇಜಿನ ಹಿಂದೆ ಒಬ್ಬ ಹೆಂಗಸು ಕೂತಿದ್ದಳು. ಊಟಕ್ಕೆ ಹೋದಲ್ಲಿ ಬಾಗಿಲ ಬಳಿ ಯಾರಾದರೂ ಕೂತಿದ್ದರೆ ಅವರು ಮುಯ್ಯಿ ಬರೆದುಕೊಳ್ಳಲಿಕ್ಕೇ ಕೂತಿರುತ್ತಾರೆ ಎಂದು ಅಪ್ಪನಿಗೆ ಗೊತ್ತು. ನಾನು ಕೋಟಿನ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಜೇಬಿನಿಂದ ನೋಟು ತೆಗೆದು, ಬಲಗೈಗೆ ಎಡಗೈ ತಾಗಿಸಿ ಕೊಟ್ಟುಬಿಟ್ಟರು. ಅವಳು ನಗುತ್ತ ಕೆಂಪು ಚೀಟಿಗಳ ಉದ್ದನೆಯ ಮಾಲೆ ಹರಿದು ಕೊಟ್ಟಳು. ಅಪ್ಪ ಅದನ್ನು ಪ್ರಸಾದದಂತೆ ತೆಗೆದುಕೊಂಡು ನನ್ನ ಕೈಗಿಟ್ಟರು. ಅವು ಅದೃಷ್ಟದ ಚೀಟಿಗಳೆಂದು ನನಗೆ ತಿಳಿದದ್ದು, ಬಾತಿನದೆಂದು ಅಪ್ಪನಿಗೆ ಹೇಳದೆ ಮಾಂಸದ ತಟ್ಟೆ ದೂಡಿ ಇಬ್ಬರೂ ಆಲೂಗೆಡ್ಡೆ ತಿನ್ನುತ್ತಿದ್ದಾಗ, ವೇದಿಕೆಯ ಮೇಲೆ ಮೊದಲ ಬಹುಮಾನದ ಮುಸುಕು ತೆಗೆದಾಗ. ಹೊಳೆಯುವ ಜೋಡುನಳಿಗೆಯ ಬಂದೂಕು.

ಗ್ಯಾರಿ ಮೈಕಿನಲ್ಲಿ ನಂಬರು ಓದಿದ. ಅದು ನನ್ನ ಕೈಯಲ್ಲೇ ಇತ್ತು. ಮೆಲ್ಲಗೆ ಚೀಟಿ ಮುದುರಿ ಮೇಜಿನ ಕೆಳಗೆ ಒಯ್ದೆ. ಪಕ್ಕದ ಕುರ್ಚಿಯ ಮುದುಕಿ ನೋಡಿಯೇಬಿಟ್ಟಳು, ನನ್ನ ಮಣಿಕಟ್ಟು ಹಿಡಿದು ಮೇಲೆತ್ತಿ "ಇಲ್ಲಿ! ಇಲ್ಲಿ!" ಎಂದು ಕೂಗಿದಳು. ಇಡೀ ಹಾಲು ಚಪ್ಪಾಳೆ ತಟ್ಟಿತು. ಏನೋ ಸನ್ಮಾನ ಎಂದುಕೊಂಡ ಅಪ್ಪ ಪಂಚೆ ಸರಿಮಾಡಿಕೊಂಡು ಹೊರಟೇಬಿಟ್ಟರು. ನಾನು ಹಿಂದೆ ಓಡಿದೆ.

ಬಂದೂಕು ಮುಟ್ಟಿದರೆ ವಕೀಲರು ಎಚ್ಚರಿಸಿದಂತೆ ಅರ್ಜಿಗೇ ಕುತ್ತು, ಫೋಟೋ ಹಿಡಿಯುವವನೂ ಎದುರಿಗೇ ನಿಂತಿದ್ದಾನೆ. ಬೇಡವೆಂದರೆ ಗ್ಯಾರಿಗೆ ತನ್ನ ಜನರ ಮುಂದೆಯೇ ಅವಮಾನ.

ಗ್ಯಾರಿ ಎರಡೂ ಕೈಯಲ್ಲಿ ಬಂದೂಕು ಚಾಚಿದ. ಅಪ್ಪ ಕೈ ನೀಡಲಿಲ್ಲ.

"ಇದು ಯಾಕ್ಲಾ?"

"ಬಾತು ಹೊಡೆಯೋಕೆ ಅಪ್ಪ."

"ಹಕ್ಕಿ ಉಳ್ಸೋ ಸಂಘ ಅಂದ್ಯಲ್ಲ?"

"ಉಳಿಸ್ತಾರೆ. ಉಳಿಸಿ ಹೊಡೀತಾರೆ."

ಅಪ್ಪ ಹಾಲಿನ ಉದ್ದಕ್ಕೂ ನೋಡಿದರು. "ಎಲ್ಲಿಂದ ಬತ್ತವೆ ಈ ಹಕ್ಕಿ, ಕೇಳು ಅವ್ನ." ಕೇಳಿದೆ. ಕೆನಡಾ, ಅಲಾಸ್ಕಾ, ಇನ್ನೂ ಆಚೆಯಿಂದ ಪ್ರತಿವರ್ಷ ಚಳಿಗೆ ಮುಂಚೆ ಎಂದ ಗ್ಯಾರಿ.

"ಅಷ್ಟು ದೂರದಿಂದ ನಂಬ್ಕೊಂಡು ಬಂದೋರು ನೆಂಟ್ರಲ್ವೇನ್ಲಾ? ನಮ್ಮೂರಲ್ಲಿ ಹೆರಿಗೆಗೆ ಬಂದ ಮಗಳು ಅಂತೀವಿ. ನನ್ ಕೈಲಾಗಲ್ಲ ಅಂತ ಹೇಳು. ಬೇಜಾರ್ ಮಾಡ್ಕೋಬೇಡಿ ಅಂತ್ಲೂ ಹೇಳು."

ಗ್ಯಾರಿ ಮೈಕು ನನ್ನತ್ತ ತಿರುಗಿಸಿದ. ಅಪ್ಪನಿಗೆ ಬೆನ್ನುನೋವು, ಬಂದೂಕು ಭಾರ ಎಂದುಬಿಡೋಣ ಎಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಇಂಗ್ಲಿಷ್ ಬಾರದ ಅಪ್ಪ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು. ಹೆಜ್ಜಾರ್ಲೆ, ಹುಣಸೆಮರ, ಅಜ್ಜಿಯ ಮಂಕರಿ ಎಲ್ಲವನ್ನೂ ಹೇಳಿದೆ. ಗ್ರೀನ್ ಕಾರ್ಡು ಮುಗಿಯಿತು ಎಂದುಕೊಂಡೆ.

ಗ್ಯಾರಿಯ ಮುಖ ಕೆಂಪಾಗಿತ್ತು. "ನಾವು ಆ ಜೌಗು ಕೊಳ್ಳದಿದ್ದರೆ ಅಲ್ಲಿ ಇಷ್ಟು ಹೊತ್ತಿಗೆ ಆಫೀಸು ಪಾರ್ಕು ಎದ್ದಿರುತ್ತಿತ್ತು, ಅದನ್ನೂ ಅವರಿಗೆ ಹೇಳು" ಎಂದ. ಹೇಳಿದೆ.

ಅಪ್ಪ ಯೋಚಿಸಿದರು. "ಅದೂ ದಿಟವೇ. ದೊಡ್ಡ ಕೆಲ್ಸ."

ಅದನ್ನೂ ಇಂಗ್ಲಿಷಿಗೆ ತಂದೆ. ಹಿಂದಿನ ಮೇಜಿನಲ್ಲಿ ಯಾರೋ ನಕ್ಕರು. ಗ್ಯಾರಿ ಬಂದೂಕು ಕೆಳಗಿಟ್ಟು, ಬರಿಗೈಲಿ ಕಳಿಸುವುದಿಲ್ಲ, ಏನು ಬೇಕು ಕೇಳು ಎಂದ. ಅಪ್ಪ ಮೇಜಿನ ಮೇಲೆ ಅಲಂಕಾರಕ್ಕಿಟ್ಟಿದ್ದ ಮರದ ಬಾತು ತೋರಿಸಿದರು. ಅದು ಆಟಿಕೆಯಲ್ಲ, ನೀರಿನಲ್ಲಿ ತೇಲಿಬಿಟ್ಟು, ನಿಜವಾದ ಬಾತುಗಳನ್ನು ನಂಬಿಸಿ ಕೋವಿಯ ಗುಂಡು ಮುಟ್ಟುವಷ್ಟು ಹತ್ತಿರಕ್ಕೆ ಇಳಿಸುವ ಉಪಾಯ. ಅಪ್ಪನಿಗೆ ಅದನ್ನೂ ಹೇಳಿದೆ. "ಗೊತ್ತಾಯ್ತು, ಕೊಡ್ಸು" ಎಂದರು.

ಮರುದಿನ ಬೆಳಿಗ್ಗೆ ಫಾಸ್ಟರ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಲಗೂನ್ ಎಂಬ ಕೆರೆಯಲ್ಲಿ ಅಪ್ಪ ಅದನ್ನು ದಾರ ಕಟ್ಟಿ ತೇಲಿಬಿಟ್ಟರು. ನಾನು ಪಕ್ಕದಲ್ಲಿ ಕೂತು ಸೋಮವಾರದ ಆಫೀಸನ್ನು ನೆನೆದು ಉಗುರು ಕಚ್ಚುತ್ತಿದ್ದೆ. ಬಾತುಗಳು ಮೇಲೆ ಸುತ್ತುಹೊಡೆದವು, ದೂರ ಹೋದವು, ಮತ್ತೆ ಬಂದವು. ಅಪ್ಪ ದಾರ ಅಲುಗದಂತೆ ಹಿಡಿದಿದ್ದರು. ಕೊನೆಗೆ ನಾಲ್ಕಾರು ಒಟ್ಟಿಗೆ ಇಳಿದು ಮರದ ಬಾತಿನ ಸುತ್ತ ತೇಲತೊಡಗಿದವು.

"ನೋಡ್ಲಾ, ಕರೆದ್ಮೇಲೆ ಹಿಂಗೆ ಸುಮ್ನೆ ಕೂತ್ಕೊಂಡು ನೋಡ್ಬೇಕು. ಅಷ್ಟೇಯ" ಎಂದರು.

ಗ್ಯಾರಿ ನನ್ನ ಗ್ರೀನ್ ಕಾರ್ಡಿನ ಕಾಗದಗಳಿಗೆ ರುಜು ಹಾಕಿದ. ಔತಣದ ರಾತ್ರಿಯ ಮಾತು ಮಾತ್ರ ಎತ್ತಲೇ ಇಲ್ಲ. ಕೆಲವು ತಿಂಗಳಲ್ಲಿ ಅವನದೇ ಮೇಜು ಖಾಲಿಯಾಯಿತು. ಪೆಟ್ಟಿಗೆ ಹೊತ್ತು ಹೊರಟವನು ನನ್ನ ಹತ್ತಿರ ನಿಂತು, "ಬಾತು ಹೇಗಿದೆ?" ಎಂದು ಕೇಳಿದ. ನಾನು ಆ ಮನುಷ್ಯನಿಗೆ ಹೆದರಿ ಬದುಕಿದ್ದೆನಲ್ಲ ಎಂದು ಅವತ್ತು ಸಂಕಟವಾಯಿತು.

ಅಪ್ಪ ತೀರಿಹೋದ ಮೇಲೆ ಇದು ಮೊದಲನೆಯ ನವರಾತ್ರಿ. ಈ ಸಲ ಬಾತನ್ನು ಗೊಂಬೆಯ ಮೆಟ್ಟಿಲಿಗೆ ಏರಿಸುವ ಮುನ್ನ ಹೊಸ ದಾರ ಕಟ್ಟಿ ಲಗೂನಿಗೆ ಒಯ್ದೆ. ಕುತೂಹಲಕ್ಕೆ ಮಗಳೂ ಬಂದಳು. ಈಗ ಕಥೆಯನ್ನು ಪೂರ್ತಿ ಕೇಳಿಸಿಕೊಂಡಳು. ಬಹಳ ಹೊತ್ತು ಒಂದು ಬಾತೂ ಬರಲಿಲ್ಲ. "ಏಳು, ಹೋಗೋಣ" ಎನ್ನುತ್ತಿದ್ದೆ. ಅವಳು ನನ್ನ ತೋಳು ಒತ್ತಿ ಹಿಡಿದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ನೀರಿನಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದಳು:

"ಶ್... ನೆಂಟ್ರು ಬಂದ್ರು."